ಉಣ್ಣೆ ಎಂದರೆ ಕಂಬಳಿಯೇ?

ಮಕ್ಕಳೇ, ನಿಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗಟ್ಟಿಯಾಗಿ ಓದುವವರು ಯಾರು? ಪ್ರಾರ್ಥನೆಯ ಹೊತ್ತಿನಲ್ಲಿ ಪತ್ರಿಕೆಯ ಮುಖ್ಯ ಸುದ್ದಿ ಓದುವುದು, ಅತಿಥಿಗಳು ಬಂದರೆ ಸ್ವಾಗತದ ಮಾತು ಓದುವುದು, ಎಲ್ಲವೂ ಅವರ ಪಾಲಿಗೇ ಬರುತ್ತದೆ. ಪ್ರತಿ ಶಾಲೆಯಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಅಂಥ ಒಬ್ಬ ಹುಡುಗನಿಂದ ನಾನು ಕಲಿತದ್ದನ್ನು ಈ ಸಲ ನಿಮಗೆ ಹೇಳುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ವಿಜ್ಞಾನದ ಪಾಠಕ್ಕೆ ನೆರವಾಗುವುದು ನನ್ನ ಕೆಲಸ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಭೂತಗನ್ನಡಿ, ಎರಡು ಆಯಸ್ಕಾಂತ, ಒಂದಿಷ್ಟು ಬಲೂನು, ದಾರ ಇರುತ್ತವೆ. ಬಸ್ಸು ಇಳಿದು ನಡೆದು ಬರುವ ನನ್ನನ್ನು ದೂರದಿಂದಲೇ ಕಂಡು ಮಕ್ಕಳು ‘ಪ್ರಯೋಗದ ಮೇಡಂ ಬಂದ್ರು’ ಎಂದು ಕೂಗುತ್ತಾರೆ. ಆದರೆ ಈಗ ಹೇಳುವ ಪ್ರಯೋಗಕ್ಕೆ ಇದಾವುದೂ ಬೇಡ. ಒಂದು ಹಾಳೆ ಕಾಗದ ಸಾಕು.

2020ರ ಜನವರಿ ತಿಂಗಳು. ಹೊಸನಗರ ತಾಲೂಕಿನ ಒಂದು ಶಾಲೆಗೆ ಹೋಗಿದ್ದೆ. ಅದಕ್ಕೆ ಒಂದು ವರ್ಷದ ಹಿಂದೆ, ಅಂದರೆ 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ, ಸಾಗರ ತಾಲೂಕಿನ ಅರಳಗೋಡಿನ ಸುತ್ತಮುತ್ತ ಮಂಗನ ಕಾಯಿಲೆ ಜೋರಾಗಿ ಬಂದು ಹಲವರು ತೀರಿಕೊಂಡಿದ್ದರು. ಹಾಗಾಗಿ ಆ ವರ್ಷ ಎಲ್ಲರಿಗೂ ಭಯವಿತ್ತು. ಊರೂರಿನಲ್ಲಿ ಕರಪತ್ರ ಹಂಚಿದ್ದರು. ಆ ಶಾಲೆಯ ಗೋಡೆಗೂ ಒಂದನ್ನು ಅಂಟಿಸಿದ್ದರು. ಪ್ರಾರ್ಥನೆ ಮುಗಿದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗನಿಗೆ ಅದನ್ನು ಓದಲು ಹೇಳಿದೆ. ಎಷ್ಟು ಚೆನ್ನಾಗಿ ಓದಿದ ಅಂತೀರಿ! ಒಂದು ಒತ್ತಕ್ಷರವೂ ತಪ್ಪಲಿಲ್ಲ. ‘ಕ್ಯಾಸನೂರು ಅರಣ್ಯ ಕಾಯಿಲೆ’ ಎನ್ನುವುದನ್ನೂ ‘ಮುನ್ನೆಚ್ಚರಿಕಾ ಕ್ರಮಗಳು’ ಎನ್ನುವುದನ್ನೂ ಎಲ್ಲೂ ತಡವರಿಸದೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವಳು ನಾನೇ.

ಆಮೇಲೆ ಸುಮ್ಮನೆ, ಮಾತಿಗೆಂದು ಕೇಳಿದೆ: “ಇದು ಯಾವುದರಿಂದ ಹರಡುತ್ತದೆ ಅಂತ ಇದೆ?”

“ಉಣ್ಣೆಯಿಂದ, ಮೇಡಂ.”

“ಉಣ್ಣೆ ಅಂದರೆ?”

“ಕುರಿ ಮೈ ಮೇಲಿನ ಕೂದ್ಲು, ಮೇಡಂ. ಪಾಠದಲ್ಲಿ ಬಂದಿತ್ತು. ಅದಕ್ಕೇ ನಾನು ನಮ್ಮಜ್ಜಿ ಕಂಬಳೀನ ಅಟ್ಟದ ಮೇಲೆ ಬಚ್ಚಿಟ್ಟೀನಿ. ದರಗು ತರಕ್ಕೆ ಹೋಗ್ವಾಗ ಅಜ್ಜಿ ಅದನ್ನೇ ಹೊದ್ದುಕೊಂಡು ಹೋಗ್ತಿತ್ತು.”

ದೊಡ್ಡ ಮಕ್ಕಳು ಒಂದಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಯೋಚಿಸಿ ನೋಡಿ. ಕೊಟ್ಟಿಗೆಗೆ ಹಾಸಲು ಒಣ ಎಲೆ ತರಲು ಅಜ್ಜಿ ದಿನವೂ ಕಾಡಿನಂಚಿಗೆ ಹೋಗುತ್ತಾರೆ. ಮೈಗೆ ಮುಚ್ಚಿಕೊಳ್ಳಲು ಇದ್ದದ್ದು ಒಂದು ಕಂಬಳಿ. ಕರಪತ್ರದಲ್ಲಿ ‘ಮೈ ತುಂಬ ಬಟ್ಟೆ ಧರಿಸಿ’ ಎಂದು ಬರೆದಿದೆ. ಅದನ್ನು ಓದಿದ ಮೊಮ್ಮಗ ಅಜ್ಜಿಯ ಮೇಲಿನ ಪ್ರೀತಿಯಿಂದ ಆ ಕಂಬಳಿಯನ್ನೇ ತೆಗೆದಿಟ್ಟಿದ್ದಾನೆ. ಒಂದಕ್ಷರ ತಪ್ಪದೆ ಓದಿದವನು ಬರೆದದ್ದಕ್ಕೆ ಸರಿಯಾಗಿ ಉಲ್ಟಾ ಮಾಡಿದ್ದ.

“ನಿಮ್ಮ ಮನೆ ದನದ ಕಿವಿ ಹತ್ತಿರ, ಕೆಚ್ಚಲ ಹತ್ತಿರ ಕಚ್ಚಿಕೊಂಡು ರಕ್ತ ಹೀರುತ್ತದಲ್ಲ, ಅದಕ್ಕೆ ಏನು ಅಂತೀರಿ?” ಎಂದು ಕೇಳಿದೆ.

“ಉಣುಗು!” ಎಂದು ನಾಲ್ಕೈದು ಮಕ್ಕಳು ಒಟ್ಟಿಗೆ ಕೂಗಿದರು.

“ಅದಕ್ಕೇ ಈ ಕರಪತ್ರದಲ್ಲಿ ಉಣ್ಣೆ ಎಂದು ಬರೆದಿದ್ದಾರೆ.”

ಹುಡುಗನ ಮುಖ ಸಣ್ಣದಾಯಿತು. ಮುಖ್ಯ ಗುರುಗಳನ್ನು ಕೇಳಿ, ಶಾಲೆಯ ಹಿಂದೆಯೇ ಇದ್ದ ಮನೆಗೆ ಓಡಿದ. ಕಂಬಳಿ ಅಟ್ಟದಿಂದ ಇಳಿಯಿತು. ಅಜ್ಜಿ ಅಷ್ಟು ಹೊತ್ತಿಗಾಗಲೇ ಬೆಟ್ಟಕ್ಕೆ ಹೋಗಿ ಆಗಿತ್ತಂತೆ. ಮುಂದಿನ ಹತ್ತು ದಿನ ಅಜ್ಜಿಗೆ ಏನೂ ಆಗದಿರಲಿ ಎಂದು ಆ ಹುಡುಗ ಎಷ್ಟು ಬೇಡಿಕೊಂಡನೋ, ನಾನೂ ಅಷ್ಟೇ ಬೇಡಿಕೊಂಡೆ. ಅಜ್ಜಿಗೆ ಏನೂ ಆಗಲಿಲ್ಲ.

ಆ ದಿನ ಸಂಜೆ ಬಸ್ಸಿನಲ್ಲಿ ಕೂತು ಯೋಚಿಸಿದೆ. ತಪ್ಪು ಹುಡುಗನದ್ದೇ? ನಮ್ಮ ಕನ್ನಡದಲ್ಲಿ ಕುರಿಯ ಕೂದಲಿಗೂ ಉಣ್ಣೆ ಎನ್ನುತ್ತಾರೆ, ರಕ್ತ ಹೀರುವ ಆ ಜೀವಿಗೂ ಉಣ್ಣೆ ಎನ್ನುತ್ತಾರೆ. ಅವನಿಗೆ ಗೊತ್ತಿದ್ದದ್ದು ಮೊದಲನೆಯದು. ಕರಪತ್ರ ಬರೆದವರಿಗೆ ಬೇಕಿದ್ದದ್ದು ಎರಡನೆಯದು. ‘ಉಣ್ಣೆಯ ಮೂಲಕ ಹರಡುತ್ತದೆ’ ಎಂಬ ವಾಕ್ಯ ಎರಡು ಅರ್ಥಕ್ಕೂ ಒಗ್ಗುತ್ತದೆ. ಆದರೆ ಮುಂದಿನ ಸಾಲಿನಲ್ಲಿ ‘ಉಣ್ಣೆ ಕಚ್ಚದಂತೆ’ ಎಂದಿತ್ತು. ಕುರಿಯ ಕೂದಲು ಕಚ್ಚುತ್ತದೆಯೇ? ಅಲ್ಲಿ ಅವನು ಒಂದು ಕ್ಷಣ ನಿಂತಿದ್ದರೆ ಸಾಕಿತ್ತು. ಅವನು ನಿಲ್ಲಲಿಲ್ಲ. ಏಕೆಂದರೆ ನಿಲ್ಲದೆ ಓದುವವನೇ ಜಾಣ ಎಂದು ನಾವೆಲ್ಲ ಸೇರಿ ಅವನಿಗೆ ಕಲಿಸಿದ್ದೆವು.

ನಾನೂ ಹೀಗೇ ಇದ್ದೆ. ತೀರ್ಥಹಳ್ಳಿ ತಾಲೂಕಿನ ಹಳ್ಳಿಯೊಂದರಲ್ಲಿ ಕನ್ನಡದಲ್ಲೇ ಓದಿ, ಕೊನೆಗೆ ಎಂ.ಎಸ್ಸಿ.ಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋದೆ. ವಿಷಯ ಪ್ರಾಣಿಶಾಸ್ತ್ರ, ಪುಸ್ತಕಗಳೆಲ್ಲ ಇಂಗ್ಲಿಷಿನವು. ರಾತ್ರಿ ಹನ್ನೊಂದರವರೆಗೆ ಓದುತ್ತಿದ್ದೆ. ಮುಖ್ಯ ಎನ್ನಿಸಿದ್ದಕ್ಕೆ ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆ. ಒಂದು ದಿನ ನೋಡಿದರೆ ಪುಟಕ್ಕೆ ಪುಟವೇ ಕೆಂಪು! ಯಾವ ಸಾಲು ಮುಖ್ಯ, ಯಾವುದು ಅಲ್ಲ ಎಂದು ತಿಳಿಯದವಳು ಎಲ್ಲಕ್ಕೂ ಗೆರೆ ಎಳೆದಿದ್ದೆ. ಪಕ್ಕದ ಮಂಚದ ಗೆಳತಿ ಪುಸ್ತಕ ಕಿತ್ತುಕೊಂಡು, ಮುಚ್ಚಿ, “ಈಗ ಹೇಳು, ಏನಿತ್ತು ಇದರಲ್ಲಿ? ಇಂಗ್ಲಿಷ್ ಬೇಡ, ನಿಮ್ಮ ಮನೆಯಲ್ಲಿ ಅಮ್ಮನಿಗೆ ಹೇಳಿದ ಹಾಗೆ ಹೇಳು” ಎಂದಳು. ನನ್ನ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಆ ಪುಟವನ್ನು ಅದಾಗಲೇ ಮೂರು ಸಲ ಓದಿದ್ದೆ! ಅಂದಿನಿಂದ ನಾವಿಬ್ಬರೂ ಒಂದೊಂದು ಪುಟ ಓದಿ, ಪುಸ್ತಕ ಮುಚ್ಚಿ, ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆವು. ಓದುವ ವೇಗ ಅರ್ಧಕ್ಕೆ ಇಳಿಯಿತು. ಆದರೆ ಓದಿದ್ದು ಉಳಿಯತೊಡಗಿತು.

ಹೊಸನಗರದ ಘಟನೆ ಆದ ಮರುವಾರ ತೀರ್ಥಹಳ್ಳಿ ತಾಲೂಕಿನ ಇನ್ನೊಂದು ಶಾಲೆಗೆ ಹೋಗಬೇಕಿತ್ತು. ಅಲ್ಲಿಗೂ ಅದೇ ಕರಪತ್ರವನ್ನು ಒಯ್ದೆ. ಈ ಸಲ ಯಾರಿಗೂ ಗಟ್ಟಿಯಾಗಿ ಓದಲು ಹೇಳಲಿಲ್ಲ. ಇಬ್ಬಿಬ್ಬರಿಗೆ ಒಂದೊಂದು ಹಾಳೆ ಕೊಟ್ಟು, “ಮನಸ್ಸಿನಲ್ಲೇ ಓದಿ. ಎಲ್ಲಿ ಅರ್ಥ ಆಗಲಿಲ್ಲವೋ, ಎಲ್ಲಿ ಅನುಮಾನ ಬಂತೋ ಅಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕಿ. ಯಾರ ಹಾಳೆಯಲ್ಲಿ ಹೆಚ್ಚು ಪ್ರಶ್ನೆಚಿಹ್ನೆ ಇರುತ್ತದೋ ಅವರಿಗೆ ಭೂತಗನ್ನಡಿ ಮೊದಲು” ಎಂದೆ. ಮೊದಲು ಯಾರೂ ಹಾಕಲಿಲ್ಲ. ಅರ್ಥವಾಗಲಿಲ್ಲ ಎಂದರೆ ದಡ್ಡರು ಅಂದುಕೊಂಡಾರು ಎಂಬ ನಾಚಿಕೆ. ಆಮೇಲೆ ಭೂತಗನ್ನಡಿಯ ಆಸೆ ಗೆದ್ದಿತು.

ಒಂದು ಹುಡುಗಿ ಪ್ರಶ್ನೆಚಿಹ್ನೆ ಹಾಕಿದ್ದು ತೈಲದ ಸಾಲಿಗೆ. ‘ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ಡಿ.ಎಂ.ಪಿ. ತೈಲ ಲೇಪಿಸಿಕೊಳ್ಳಿ. ಹಿಂದಿರುಗಿದ ನಂತರ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆಯಿರಿ.’ ಅವಳ ಪ್ರಶ್ನೆ ಹೀಗಿತ್ತು: “ಮೇಡಂ, ನಮ್ಮಪ್ಪ ಕಾಡಿಂದ ಬಂದು, ಸ್ನಾನ ಮಾಡಿ, ಆಮೇಲೆ ಎಣ್ಣೆ ಹಚ್ಚಿಕೊಳ್ತಾರೆ. ಯಾವುದು ಸರಿ?” ನಾವು ಗಾಯಕ್ಕೆ, ಮೈಕೈ ನೋವಿಗೆ ಎಣ್ಣೆ ಹಚ್ಚುವುದು ಕೆಲಸ ಮುಗಿದ ಮೇಲೆಯೇ. ಅದೇ ಅಭ್ಯಾಸದಲ್ಲಿ ಅವರು ಹಾಗೆ ಮಾಡಿದ್ದರು. ಆದರೆ ಇದು ನೋವಿನ ಎಣ್ಣೆಯಲ್ಲ. ಉಣುಗು ಹತ್ತಿರ ಸುಳಿಯದಂತೆ ಮಾಡುವ ತೈಲ. ಉಣುಗು ಇರುವ ಜಾಗಕ್ಕೆ ಹೋಗಿ ಬಂದ ಮೇಲೆ ಹಚ್ಚಿದರೆ ಏನು ಉಪಯೋಗ? ‘ಮುನ್ನ’, ‘ನಂತರ’ ಎನ್ನುವ ಎರಡು ಪುಟ್ಟ ಪದಗಳ ಮೇಲೆ ಕಣ್ಣು ಜಾರಿ ಹೋದರೆ ತೈಲದ ಬಾಟಲಿಯಿಡೀ ವ್ಯರ್ಥ. (ಈಗ ಡಿ.ಎಂ.ಪಿ. ಬದಲು ‘ಡೆಪಾ’ ಎಂಬ ತೈಲ ಕೊಡುತ್ತಿದ್ದಾರೆ. ಅದನ್ನೂ ಹಚ್ಚಬೇಕಾದದ್ದು ಹೋಗುವ ಮೊದಲೇ.)

ಇನ್ನೊಬ್ಬನ ಪ್ರಶ್ನೆಚಿಹ್ನೆ ಲೆಕ್ಕದ ಸಾಲಿಗೆ. ಈ ಕಾಯಿಲೆಯಿಂದ ಸಾಯುವವರು ನೂರಕ್ಕೆ 3ರಿಂದ 5 ಮಂದಿ ಎಂದಿತ್ತು. ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಕೇಳಿದ: “ನಮ್ಮೂರಲ್ಲಿ ಇನ್ನೂರು ಜನ ಇದಾರೆ. ಹಂಗಾದ್ರೆ ಹತ್ತು ಜನ ಸಾಯ್ತಾರಾ, ಮೇಡಂ?” ನೋಡಿ, ಗುಣಾಕಾರ ಸರಿಯಾಗಿದೆ. ತಪ್ಪಿದ್ದು ಎಲ್ಲಿ? ‘ನೂರಕ್ಕೆ’ ಎಂದರೆ ಯಾವ ನೂರು? ಊರಿನ ನೂರು ಜನರಲ್ಲ, ಕಾಯಿಲೆ ತಗುಲಿದ ನೂರು ಜನ. ಊರಿನಲ್ಲಿ ಯಾರಿಗೂ ಕಾಯಿಲೆ ಬಾರದಿದ್ದರೆ ಯಾರೂ ಸಾಯುವುದಿಲ್ಲ. ಅದೇ ಸಾಲನ್ನು ಇನ್ನೊಂದು ಕಡೆಯಿಂದಲೂ ಓದಬಹುದು: ಕಾಯಿಲೆ ಬಂದ ನೂರರಲ್ಲಿ 95ಕ್ಕಿಂತ ಕಡಿಮೆ ಇಲ್ಲದಷ್ಟು ಜನ ಬದುಕುತ್ತಾರೆ. ಶೇಕಡಾ ಲೆಕ್ಕ ಕಂಡಲ್ಲೆಲ್ಲ ‘ಯಾರಲ್ಲಿ ನೂರು?’ ಎಂದು ಕೇಳಿಕೊಳ್ಳುವುದನ್ನು ಆ ತರಗತಿಯ ಮಕ್ಕಳು ಅಂದು ಕಲಿತರು. ಪತ್ರಿಕೆ ಓದುವ ಎಷ್ಟೋ ದೊಡ್ಡವರು ಇನ್ನೂ ಕಲಿತಿಲ್ಲ, ಬಿಡಿ.

ಆದರೆ ಆ ದಿನದ ಅತ್ಯಂತ ಒಳ್ಳೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹುಡುಗನದ್ದು. ಕರಪತ್ರದಲ್ಲಿ ‘ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ’ ಎಂದಿತ್ತು. ಅವನು ಕೇಳಿದ: “ಸತ್ತ ಮಂಗ ಕಚ್ಚದಿಲ್ವಲ್ಲ. ಮತ್ಯಾಕೆ ಹೆದ್ರದು?”

ಕರಪತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆದರೆ ಉತ್ತರ ಸಿದ್ಧಮಾಡಿಕೊಳ್ಳಲು ಬೇಕಾದ ಸಾಮಾನೆಲ್ಲ ಇತ್ತು. ಉಣುಗು ರಕ್ತ ಕುಡಿದು ಬದುಕುತ್ತದೆ, ಇದು ಒಂದನೇ ಸಾಲು. ರೋಗ ಬಂದ ಮಂಗದ ರಕ್ತದಲ್ಲಿ ವೈರಾಣು ಇರುತ್ತದೆ, ಇದು ಇನ್ನೊಂದು ಸಾಲು. “ಈಗ ನೀವು ಉಣುಗು ಅಂದುಕೊಳ್ಳಿ. ನೀವು ಕೂತ ಮಂಗ ಸತ್ತುಹೋಯಿತು. ಮೈ ತಣ್ಣಗಾಯಿತು. ಏನು ಮಾಡುತ್ತೀರಿ?” ಎಂದೆ. ತರಗತಿಯಿಡೀ ಗದ್ದಲ. “ಇಳಿದು ಹೋಗ್ತೀವಿ!” “ಎಲ್ಲಿಗೆ?” “ಅಲ್ಲೇ ದರಗಿನ ಮೇಲೆ!” “ಆಮೇಲೆ?” “ಬೇರೆ ಯಾರಾದ್ರೂ ಬರಲಿ ಅಂತ ಕಾಯ್ತೀವಿ!” ಸರಿಯಾಗಿ ಅದೇ ಆಗುವುದು. ಮಂಗ ಸತ್ತ ಜಾಗದ ಸುತ್ತ, ವೈರಾಣು ಹೊತ್ತ ಉಣುಗುಗಳು ಚೆಲ್ಲಿಕೊಂಡಿರುತ್ತವೆ. ಅದಕ್ಕೇ ಮಂಗ ಸತ್ತ ಕಡೆ ಆರೋಗ್ಯ ಇಲಾಖೆಯವರು ಬಂದು ಪುಡಿ ಸಿಂಪಡಿಸುವುದು. ಎರಡು ಸಾಲುಗಳ ನಡುವೆ ಬರೆಯದೆ ಬಿಟ್ಟ ಸಾಲನ್ನು ಆ ಮಕ್ಕಳೇ ಓದಿದ್ದರು!

ಅಲ್ಲಿಂದ ಮಾತು ಉಣುಗಿನ ಕಡೆ ಹೊರಳಿತು. ಉಣುಗು ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಬೆಳೆದ ಉಣುಗಿಗೆ ಎಂಟು ಕಾಲು. ಮೊಟ್ಟೆಯಿಂದ ಆಗಷ್ಟೇ ಹೊರಬಂದದ್ದಕ್ಕೆ ಆರೇ ಕಾಲು. ಅದು ಒಮ್ಮೆ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು ಕಾಲಿನ ಮರಿಯಾಗುತ್ತದೆ. ಈ ಮರಿ ಎಳ್ಳಿಗಿಂತ ಚಿಕ್ಕದು, ಕಚ್ಚಿದರೂ ಗೊತ್ತಾಗದು. ಮನುಷ್ಯರಿಗೆ ಮಂಗನ ಕಾಯಿಲೆ ತಗುಲುವುದು ಹೆಚ್ಚಾಗಿ ಇದರಿಂದಲೇ. ಮಳೆಗಾಲ ಕಳೆದು ಕಾಡಿನ ನೆಲ ಒಣಗಿದ ಮೇಲೆ, ಸುಮಾರು ಡಿಸೆಂಬರಿನಿಂದ ಮೇವರೆಗೆ, ಇವುಗಳ ಕಾಲ. ನಾವು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ದನದ ಮೈಮೇಲೆ ದಪ್ಪಗೆ ಊದಿಕೊಂಡು ಕಾಣುವುದು ಬೆಳೆದ ಉಣುಗು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ದನದ ರಕ್ತ ಕುಡಿದು ಉಣುಗಿನ ಸಂತಾನ ಬೆಳೆಯುತ್ತದೆ. ಹೀಗೆ ನೋಡಿದರೆ ‘ಮಂಗನ ಕಾಯಿಲೆ’ ಎಂಬ ಹೆಸರೇ ಓದುಗರನ್ನು ದಾರಿ ತಪ್ಪಿಸುತ್ತದೆ, ಅಲ್ಲವೇ? ಪಾಪ, ಮಂಗ ನಮ್ಮ ಹಾಗೆಯೇ ರೋಗಿ. ಹೆಸರು ಮಾತ್ರ ಅದರ ತಲೆಗೆ ಬಂತು.

ಅರ್ಧ ಓದಿ ಊಹಿಸುವುದು ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ. ಅಂಗಡಿಯಿಂದ ಕಡಲೆ, ಬೆಲ್ಲ ಕಟ್ಟಿ ತಂದ ಪೊಟ್ಟಣದ ಕಾಗದವೇ ನಮ್ಮ ಗ್ರಂಥಾಲಯ. ಅಮ್ಮ ಡಬ್ಬಿಗೆ ಸುರುವಿದ ಕೂಡಲೇ ಕಾಗದವನ್ನು ನೆಲದ ಮೇಲೆ ಹರಡಿ ಓದುತ್ತಿದ್ದೆ. ಕತೆಯ ತಲೆ ಇದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ. ಉಳಿದದ್ದನ್ನು ನಾನೂ ತಮ್ಮನೂ ಸೇರಿ ಊಹಿಸುತ್ತಿದ್ದೆವು. ‘ಇವನೇ ಕಳ್ಳ’ ಎಂದು ನಾನು, ‘ಅಲ್ಲ, ಚಿಕ್ಕಪ್ಪನೇ ಕಳ್ಳ’ ಎಂದು ಅವನು. ಎಷ್ಟೋ ದಿನದ ಮೇಲೆ ಇನ್ನೊಂದು ಪೊಟ್ಟಣದಲ್ಲಿ ಅದೇ ಕತೆಯ ಮತ್ತೊಂದು ತುಂಡು ಸಿಕ್ಕಿದ್ದೂ ಉಂಟು. ಆಗ ನಮ್ಮಿಬ್ಬರ ಊಹೆಯೂ ತಲೆಕೆಳಗಾಗಿ ಬಿದ್ದುಬಿದ್ದು ನಕ್ಕಿದ್ದೆವು. ಊಹಿಸಬೇಕು, ಆದರೆ ಮುಂದಿನ ತುಂಡು ಸಿಕ್ಕಾಗ ಊಹೆಯನ್ನು ಬಿಟ್ಟುಕೊಡಲು ಸಿದ್ಧರಿರಬೇಕು.

ವಿಜ್ಞಾನಿಗಳೂ ಹೀಗೆಯೇ ಮಾಡಿದರು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಮಂಗಗಳೂ ಮುಸಿಯಗಳೂ ಸಾಯತೊಡಗಿದವು. ಹತ್ತಿರದ ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಬಂದರು. ಅವರಿಗೆ ಮೊದಲು ಬಂದ ಊಹೆ ಏನು ಗೊತ್ತೇ? ಹಳದಿ ಜ್ವರ! ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಸಾಯುತ್ತವೆ. ಅದು ಹರಡುವುದು ಸೊಳ್ಳೆಯಿಂದ. ಭಾರತದಲ್ಲಿ ಆ ರೋಗ ಇರಲಿಲ್ಲ. ಬಂದಿದ್ದರೆ ದೇಶಕ್ಕೇ ದೊಡ್ಡ ಗಂಡಾಂತರ. ಹಾಗಾಗಿ ಆ ಊಹೆ ಸಹಜವಾಗಿಯೇ ಇತ್ತು.

ಆದರೆ ಅವರು ಊಹೆಗೆ ಅಂಟಿಕೊಂಡು ಕೂರಲಿಲ್ಲ. ಸತ್ತ ಮಂಗದಿಂದ ವೈರಾಣುವನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅದು ಹಳದಿ ಜ್ವರದ್ದಲ್ಲ! ದೂರದ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಒಂದು ಮೆದುಳು ಜ್ವರದ ವೈರಾಣುವಿಗೆ ಅದು ಹತ್ತಿರದ ಸಂಬಂಧಿ. ಹಾಗಾದರೆ ಸೊಳ್ಳೆಯ ಬದಲು ಉಣುಗನ್ನು ಹುಡುಕಬೇಕು. ಹುಡುಕಿದರು, ಉಣುಗಿನಲ್ಲೂ ಅದೇ ವೈರಾಣು ಸಿಕ್ಕಿತು. ಜಗತ್ತಿಗೆ ಹೊಸದಾದ ಈ ವೈರಾಣುವಿಗೆ ನಮ್ಮ ಕ್ಯಾಸನೂರು ಕಾಡಿನ ಹೆಸರೇ ಬಂತು. ಬಹಳ ವರ್ಷ ನಮ್ಮ ಮಲೆನಾಡಿನ ಸುತ್ತಮುತ್ತಲೇ ಇದ್ದ ಕಾಯಿಲೆ, 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ಕಡೆಯೂ ಕಾಣಿಸಿಕೊಂಡಿದೆ.

ಇನ್ನು ಸಾಗರ ತಾಲೂಕಿನ ಹುಡುಗಿಯ ವಿಷಯ. ಅವಳ ಊರು ಶರಾವತಿ ಹಿನ್ನೀರಿನ ಆಚೆ. ಈಗ, 2025ರ ಜುಲೈಯಿಂದ, ಅಲ್ಲಿಗೆ ಸೇತುವೆ ಇದೆ. ನಾನು ಹೋಗಿದ್ದು 2024ರ ಫೆಬ್ರವರಿಯಲ್ಲಿ, ಲಾಂಚಿನಲ್ಲಿ ದಾಟಿ. ಆ ಶಾಲೆಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ: ಕರಪತ್ರವನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಬೇಕು, ಅವರು ಏನು ಕೇಳಿದರು ಎಂದು ಬರೆದು ತರಬೇಕು.

ಹೆಚ್ಚಿನವರು ಬರೆದು ತಂದ ಪ್ರಶ್ನೆ ಒಂದೇ. “ಚುಚ್ಚುಮದ್ದು ಯಾವಾಗ ಹಾಕ್ತಾರೆ?” ವಿಚಾರಿಸಿದಾಗ ತಿಳಿಯಿತು. ಕೆಲವು ಮನೆಗಳ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಹಳೆಯ ಕರಪತ್ರವೇ ಇತ್ತು. ಅದರಲ್ಲಿ ಲಸಿಕೆ ಹಾಕಿಸಿಕೊಳ್ಳಿ, ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಮತ್ತೆ ಮತ್ತೆ ಎಂದು ಇತ್ತು. ಆ ಲಸಿಕೆ ಸಾಕಷ್ಟು ಪರಿಣಾಮ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾರೆ. ಹೊಸ ಲಸಿಕೆಯ ಕೆಲಸ ನಡೆದಿದೆ. ಹಳೆಯ ಕರಪತ್ರದಲ್ಲಿ ಬರೆದದ್ದು ಸುಳ್ಳಲ್ಲ, ಬರೆದ ದಿನ ಅದು ನಿಜವಾಗಿತ್ತು. ‘ಹೇಗೂ ಹಿಂದೆ ಚುಚ್ಚಿಸಿಕೊಂಡಾಗಿದೆ’ ಎಂದು ತೈಲ ಹಚ್ಚದೆ ಕಾಡಿಗೆ ಹೋಗುವವರೂ ಇದ್ದರು. ಹಾಳೆಯ ಕೆಳಗೆ, ಮೂಲೆಯಲ್ಲಿ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಮುದ್ರಣದ ವರ್ಷ ಇರುತ್ತದೆ. ಮಕ್ಕಳಿಗೆ ಭೂತಗನ್ನಡಿ ಕೊಟ್ಟು ಅದನ್ನು ಹುಡುಕಿಸಿದೆ.

ಆ ಹುಡುಗಿಯ ಹಾಳೆಯಲ್ಲಿ ಮಾತ್ರ ಬೇರೆ ಸಂಗತಿ ಇತ್ತು. ಅವಳು ಕರಪತ್ರ ಓದಿ ಹೇಳಿದ ದಿನವೇ ಅವಳ ಚಿಕ್ಕಪ್ಪನಿಗೆ ಜ್ವರ, ವಿಪರೀತ ತಲೆನೋವು. ಮನೆಯವರು ಕಷಾಯ ಮಾಡಿ ಕೊಟ್ಟಿದ್ದರು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ ಎಂಬ ಸಾಲು ಅವಳ ತಲೆಯಲ್ಲಿ ಉಳಿದಿತ್ತು. “ಚಿಕ್ಕಪ್ಪ, ನೀವು ಸೌದೆಗೆ ಹೋಗಿದ್ದು ಯಾವತ್ತು?” ಎಂದು ಕೇಳಿದಳು. ಸೋಮವಾರ. ಜ್ವರ ಬಂದದ್ದು ಶನಿವಾರ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು: ಐದು ದಿನ. ಬೆಳಗ್ಗೆ ಎದ್ದವಳೇ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಹೇಳಿದಳು. ಅವರು ಬಂದು ಚಿಕ್ಕಪ್ಪನನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಯಿತು.

ಫಲಿತಾಂಶ ಬಂತು. ಮಂಗನ ಕಾಯಿಲೆ ಅಲ್ಲ! ಚಿಕ್ಕಪ್ಪ ನಾಲ್ಕು ದಿನಕ್ಕೆ ಎದ್ದು ಓಡಾಡಿದರು. ಮನೆಯವರೆಲ್ಲ ಅವಳನ್ನು ‘ಡಾಕ್ಟರಮ್ಮ’ ಎಂದು ರೇಗಿಸತೊಡಗಿದರು. ನಾನು ಮತ್ತೆ ಹೋದಾಗ ಹುಡುಗಿ ಮುಖ ಕೆಳಗೆ ಹಾಕಿ, “ನಾನು ತಪ್ಪು ಓದಿದೆ, ಮೇಡಂ” ಎಂದಳು.

“ಹಾಳೆ ತೆಗಿ. ಜ್ವರ ಬಂದರೆ ಅದು ಮಂಗನ ಕಾಯಿಲೆಯೇ ಅಂತ ಇದೆಯಾ?” ಎಂದೆ.

ಅವಳು ಹುಡುಕಿದಳು. “ಇಲ್ಲ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಕೂಡಲೇ ಪರೀಕ್ಷೆ ಮಾಡಿಸಿ ಅಂತ ಇದೆ.”

“ನೀನು ಏನು ಮಾಡಿದೆ?”

“ಪರೀಕ್ಷೆ ಮಾಡ್ಸಿದೆ.”

ತುಸು ಹೊತ್ತು ಸುಮ್ಮನಿದ್ದು, ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಳು. ಚಿಕ್ಕಪ್ಪನಿಗೆ ತೋರಿಸಲು ಇರಬೇಕು.

ಕಳೆದ ವರ್ಷ ಹೊಸನಗರದ ಆ ಮೊದಲ ಶಾಲೆಗೆ ಮತ್ತೆ ಹೋಗಿದ್ದೆ. ಕಂಬಳಿಯ ಹುಡುಗ ಕಾಲೇಜು ಸೇರಿ ದೂರ ಹೋಗಿದ್ದಾನೆ. ಆ ಕತೆ ಮಾತ್ರ ಶಾಲೆಯಲ್ಲಿ ಉಳಿದಿದೆ, ಅವನ ಹೆಸರು ಹೇಳದೆ ಎಲ್ಲರೂ ಹೇಳುತ್ತಾರೆ. ಈಗಿನ ಮಕ್ಕಳ ಜೊತೆ ಕೂತು ನಮ್ಮದೇ ಒಂದು ಕರಪತ್ರ ಬರೆದೆವು. ಒಂದು ನಿಯಮ ಇತ್ತು. ಬರೆದ ಪ್ರತಿ ಸಾಲನ್ನೂ ಒಂದನೇ ತರಗತಿಯ ಮಗುವಿಗೆ ಓದಿ ಹೇಳಬೇಕು, ಆ ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಲು ಬಾರದಿದ್ದರೆ ಸಾಲನ್ನು ಬದಲಿಸಬೇಕು. ‘ಲೇಪಿಸಿಕೊಳ್ಳಿ’ ಹೋಗಿ ‘ಹಚ್ಚಿಕೊಳ್ಳಿ’ ಆಯಿತು. ‘ಸೋಂಕಿತ’ ಎಂಬ ಪದಕ್ಕಾಗಿ ಅರ್ಧ ಗಂಟೆ ಜಗಳವಾಯಿತು. ಒಂದನೇ ಸಾಲಿನಲ್ಲಿ ‘ಉಣುಗು’ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಎಂಟು ಕಾಲಿನ ಚಿತ್ರ ಬಿಡಿಸಿ, ಕೆಳಗೆ ‘ಇದು ಕಂಬಳಿಯ ಉಣ್ಣೆ ಅಲ್ಲ’ ಎಂದು ಸೇರಿಸಿದರು.

ಎಲ್ಲ ಮುಗಿಸಿ, ನೆರಳಚ್ಚು ಮಾಡಿಸಲು ನಾನು ಹಾಳೆಯನ್ನು ಚೀಲಕ್ಕೆ ಹಾಕುತ್ತಿದ್ದೆ. ಐದನೇ ತರಗತಿಯ ಒಬ್ಬ ಪುಟ್ಟ ಹುಡುಗಿ ಚೀಲದ ಪಟ್ಟಿ ಹಿಡಿದು ನಿಲ್ಲಿಸಿದಳು.

“ಮೇಡಂ, ತಾರೀಕು ಎಲ್ಲಿ?”

ನಾನೇ ಮರೆತಿದ್ದೆ. ಪೆನ್ನು ತೆಗೆದು ಕೆಳಗಿನ ಮೂಲೆಯಲ್ಲಿ ಬರೆದೆ. “ಇನ್ನೂ ದೊಡ್ಡದಾಗಿ ಬರೀರಿ” ಎಂದಳು.